ಮಲಗಿದ ಸೂಜಿ

ಮಾತಿನವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಶಾಲೆ ಬಿಟ್ಟದ್ದೂ ಅದೇ ಕಾರಣಕ್ಕೆ. ಏಳನೆಯ ತರಗತಿಯಲ್ಲಿ ಮಾಸ್ತರರು ರಾಟೆಯ ಬಗ್ಗೆ ಒಂದು ತಾಸು ಪಾಠ ಮಾಡಿದರು. ಕರಿಹಲಗೆಯ ಮೇಲೆ ರಾಟೆ ಬರೆದರು, ಬಾಣ ಬರೆದರು, ಬಲ ಎಂದರು, ಭಾರ ಎಂದರು. ಕಿಟಕಿಯ ಹೊರಗೆ ಶಾಲೆಯ ಬಾವಿಯ ರಾಟೆ ಆರು ತಿಂಗಳಿಂದ ಹಂದಿ ಕೂಗಿದಂತೆ ಕೂಗುತ್ತಿತ್ತು. ಅದಕ್ಕೆ ಒಂದು ಹನಿ ಎಣ್ಣೆ ಬಿಡಬೇಕೆಂದು ಆ ಪುಣ್ಯಾತ್ಮರಿಗೆ ಹೊಳೆಯಲಿಲ್ಲ. ಮಧ್ಯಾಹ್ನ ಬಾವಿಕಟ್ಟೆ ಹತ್ತಿ ನಾನೇ ಬಿಟ್ಟೆ. ರಾಟೆ ಸುಮ್ಮನಾಯಿತು. ಕಟ್ಟೆ ಹತ್ತಿದ್ದಕ್ಕೆ ನಾಲ್ಕು ಛಡಿಯೇಟು ಬಿತ್ತು. ಮರುದಿನ ನಾನು ಹೋಗಲಿಲ್ಲ. ಯಾರೂ ಕರೆಯಲು ಬರಲೂ ಇಲ್ಲ.

ಅಲ್ಲಿಂದ ಭಟ್ಕಳಕ್ಕೆ ಹೋದೆ. ಅಲ್ಲಿನ ಒಬ್ಬ ಉಸ್ತಾದರ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ದುಡಿದೆ. ಉಸ್ತಾದರು ಪಾಠ ಮಾಡುವವರಲ್ಲ. ನೋಡಿ ಕಲಿತರೆ ಕಲಿತೆ, ಇಲ್ಲವಾದರೆ ಬಸ್ಸು ಹತ್ತು. ಒಂದೇ ಒಂದು ಕೆಲಸವನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಿಕೊಟ್ಟರು. ಅದು ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ. ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದೆ ನಾನು ಮಾನ ಕಳೆದುಕೊಳ್ಳುವುದು ಅಲ್ಲಿಯೇ.

ಹಳೆಯ ಕಾರುಗಳಲ್ಲಿ ಎಂಜಿನ್ನು ಮುಂದಿರುತ್ತದೆ, ಗಾಡಿಯನ್ನು ದೂಡುವ ಚಕ್ರಗಳು ಹಿಂದಿರುತ್ತವೆ. ನಡುವೆ ಹೊಟ್ಟೆಯಡಿಯಲ್ಲಿ ಒಂದು ಉದ್ದ ಶಾಫ್ಟು. ಹಿಂದಿನ ಆಕ್ಸಲ್ಲು ಹೊಂಡಕ್ಕೆ ಇಳಿಯುತ್ತದೆ, ದಿಬ್ಬಕ್ಕೆ ಏಳುತ್ತದೆ. ಆದ್ದರಿಂದ ಶಾಫ್ಟು ತಿರುಗುತ್ತ ತಿರುಗುತ್ತಲೇ ಬಾಗಬೇಕು. ಅದಕ್ಕಾಗಿ ಎರಡು ತುದಿಗೂ ಒಂದೊಂದು ಕೀಲು. ಓದಿದವರು ಅದಕ್ಕೆ ಯೂನಿವರ್ಸಲ್ ಜಾಯಿಂಟ್ ಅನ್ನುತ್ತಾರೆ, ನಾವು ಕ್ರಾಸ್ ಅನ್ನುತ್ತೇವೆ. ಕೂಡಿಸುವ ಲೆಕ್ಕದ ಗುರುತಿನಂತೆ ನಾಲ್ಕು ತೋಳಿನ ಉಕ್ಕಿನ ತುಂಡು. ಪ್ರತಿ ತೋಳಿಗೂ ಟೋಪಿ ಇಟ್ಟಂತೆ ಒಂದು ಕಪ್. ಕಪ್‌ನ ಒಳಗೋಡೆಗೆ ಅಕ್ಕಿಕಾಳಿಗಿಂತ ತುಸು ಉದ್ದದ ಉಕ್ಕಿನ ಸೂಜಿಗಳು ಒತ್ತೊತ್ತಾಗಿ ನಿಂತಿರಬೇಕು. ಅವು ಗ್ರೀಸಿನ ಅಂಟಿನಿಂದಷ್ಟೇ ನಿಲ್ಲುತ್ತವೆ. ಕಪ್ ಕೂರಿಸುವಾಗ ಒಂದೇ ಒಂದು ಸೂಜಿ ಜಾರಿ ತಳದಲ್ಲಿ ಅಡ್ಡ ಮಲಗಿದರೂ ಕೆಲಸ ಕೆಟ್ಟಿತು. ಕಪ್ ಹೊರಬೀಳದಂತೆ ಕೊನೆಯಲ್ಲಿ ಒಂದು ಲಾಕ್ ಹಾಕುತ್ತೇವೆ. ಒಡೆದ ಬಳೆಯಂಥ ಸ್ಪ್ರಿಂಗಿನ ತುಂಡು ಅದು.

ಸೂಜಿ ನಿಲ್ಲಿಸುವಾಗ ಉಸ್ತಾದರು ಆ ನಾಲ್ಕೂ ಲಾಕುಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದರು. ನಮಗೂ ಕಚ್ಚಿಸುತ್ತಿದ್ದರು. "ಬಾಯಲ್ಲಿ ಲಾಕ್ ಇದ್ರೆ ಮಾತು ಬರೂದಿಲ್ಲ. ಮಾತು ಇಲ್ದಿದ್ರೆ ಕಣ್ಣು ಕೈ ಹತ್ರಾನೇ ಇರ್ತದೆ" ಎನ್ನುತ್ತಿದ್ದರು. ಆಮೇಲೆ ಮೂರು ದಿನಕ್ಕಾಗುವಷ್ಟು ಮೌನ. ಕಬ್ಬಿಣದ ರುಚಿ ಅಂದರೆ ಏನೆಂದು ನನಗೆ ಗೊತ್ತಾದದ್ದು ಹಾಗೆ.

ಈಗ ಹೊನ್ನಾವರದಲ್ಲಿ ಹೆದ್ದಾರಿಯ ಪಕ್ಕ ನನ್ನದೇ ಗ್ಯಾರೇಜಿದೆ. ಬೋರ್ಡು ಇಲ್ಲ. ಬೋರ್ಡು ಓದಿ ಬರುವವನು ಬೇರೆ ಕಡೆ ಹೋಗಲಿ. ಭಟ್ಕಳದಿಂದ ಕುಮಟೆಯವರೆಗೆ ನನ್ನ ಬಗ್ಗೆ ಒಂದು ಮಾತಿತ್ತು: ಅವನ ಕೈಯಿಂದ ಹೊರಟ ಗಾಡಿ ಅದೇ ಕೆಲಸಕ್ಕೆ ಎರಡನೇ ಸಲ ಬರುವುದಿಲ್ಲ. ಈ ಮಾತನ್ನು ಮೊದಲು ಹೇಳಿದವನು ನಾನೇ ಇರಬಹುದು. ಆದರೆ ಮೂವತ್ತು ವರ್ಷ ಅದು ಸುಳ್ಳಾಗಲಿಲ್ಲ. ಓದಿದವರಿಗೆ ಗೋಡೆಗೆ ತೂಗುಹಾಕಲು ಸರ್ಟಿಫಿಕೇಟು ಇರುತ್ತದೆ. ನನಗಿದ್ದದ್ದು ಇದೊಂದೇ.

ಇಂಥ ನನ್ನ ಹತ್ತಿರ ಕಳೆದ ಚಳಿಗಾಲದಲ್ಲಿ ಹಳದೀಪುರದ ಬ್ಯಾಂಕ್ ಸಾಹೇಬರು ಬಂದರು.

ತೋಟದ ಮನೆತನದವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ನನ್ನ ಅಪ್ಪ ಅವರ ಮನೆಗೆ ತೆಂಗಿನಕಾಯಿ ಕೊಯ್ಯಲು ಹೋಗುತ್ತಿದ್ದ, ಅವರ ಅಪ್ಪನಿಗೆ "ಒಡೆಯಾ" ಎನ್ನುತ್ತಿದ್ದ. ನಾನು "ಸಾಹೇಬ್ರೇ" ಎನ್ನುತ್ತೇನೆ. ಅದಕ್ಕಿಂತ ಹೆಚ್ಚಿನದು ನನ್ನ ಬಾಯಲ್ಲಿ ಬರುವುದಿಲ್ಲ. ನಿವೃತ್ತರಾದ ಮೇಲೆ ಕೆಲವರು ಭಜನೆಗೆ ಹೋಗುತ್ತಾರೆ, ಕೆಲವರು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ಇವರು ಒಂದು ಹಳೆಯ ಕಾರು ಕೊಂಡರು. ಅದೇ ಜಾತಿಯ ಕಾರುಗಳು ಒಂದು ಕಾಲಕ್ಕೆ ಹೊನ್ನಾವರದ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿಯಾಗಿ ನಿಲ್ಲುತ್ತಿದ್ದವು. ಒಳಗೆ ಹತ್ತು ಜನ, ಡಿಕ್ಕಿಯಲ್ಲಿ ಎರಡು ಬುಟ್ಟಿ ಮೀನು, ಬಾಗಿಲಿಗೆ ಜೋತುಬಿದ್ದು ಒಬ್ಬ. ಆಗ ಅದಕ್ಕೆ ಯಾರೂ ಕ್ಲಾಸಿಕ್ ಅಂದದ್ದನ್ನು ನಾನು ಕೇಳಿಲ್ಲ. ಈಗ ಬೆಣ್ಣೆಯ ಬಣ್ಣ ಹೊಡೆಸಿ, ಸೀಟಿಗೆ ಕೆಂಪು ಬಟ್ಟೆ ಹಾಕಿಸಿ, ಕೆಳಗೆ ಶಾಫ್ಟಿಗೂ ಕಪ್ಪು ಪೇಂಟು ಬಳಿಸಿದ್ದರು. ಶಾಫ್ಟಿಗೆ ಪೇಂಟು! ಅದನ್ನು ನೋಡುವುದು ರಸ್ತೆಯ ಮೇಲೆ ಸತ್ತು ಬಿದ್ದ ನಾಯಿ ಮಾತ್ರ.

"ಮೇಸ್ತ್ರಿ, ಕ್ಲಚ್ ಬಿಟ್ರೆ ಹಿಂದಿಂದ ಟಣ್ ಅಂತದೆ. ನನ್ನ ಅಂದಾಜಿನಲ್ಲಿ ಹಿಂದಿನ ಯೂಜೇ" ಎಂದರು.

"ಎಂತಾ ಜೇ?"

"ಯೂನಿವರ್ಸಲ್ ಜಾಯಿಂಟು ಮಾರಾಯಾ. ನಾನು ವಿಡಿಯೋ ನೋಡಿದ್ದೆ. ಇಂಗ್ಲೆಂಡಿನವ ಒಬ್ಬ ಅರ್ಧ ತಾಸಿನಲ್ಲಿ ಬದಲು ಮಾಡ್ತಾ."

"ಹಂಗಾರೆ ಅವ್ನ ಹತ್ರವೇ ತಕಂಡು ಹೋಗ್ಬೇಕಿತ್ತು."

ಅವರು ನಕ್ಕರು. ತಮಾಷೆಗೆ ಹೇಳಿದ್ದೆಂದು ತಿಳಿದರು.

ಗಾಡಿಯಡಿ ಮಲಗಿ ಶಾಫ್ಟು ಹಿಡಿದು ಅಲುಗಿಸಿದೆ. ಎರಡೂ ಕ್ರಾಸು ಹೋಗಿದ್ದವು. ಹಿಂದಿನದರಲ್ಲಿ ಕೆಂಪು ತುಕ್ಕಿನ ಪುಡಿ, ಅದರ ಮೇಲೆ ಜಿಡ್ಡು, ಜಿಡ್ಡಿನಲ್ಲಿ ಒಂದು ಪರಿಚಯದ ವಾಸನೆ. ಬೆರಳಿಗೆ ತಾಗಿಸಿ ಮೂಗಿನ ಹತ್ತಿರ ಹಿಡಿದೆ. ದೋಸೆಯ ಕಾವಲಿ ನೆನಪಾಯಿತು.

"ಎಂತ ಹಾಕಿದ್ರಿ ಇದ್ಕೆ?"

"ಎಣ್ಣೆ."

"ಎಂತ ಎಣ್ಣೆ?"

"ಕೊಬ್ರಿ ಎಣ್ಣೆ. ಪೇಟೆದಲ್ಲ, ನಮ್ಮನೆ ಕೊಬ್ರಿ, ಗಾಣದಲ್ಲಿ ತೆಗ್ಸಿದ್ದು. ಮೊಮ್ಮಗಳ ತಲೆಗೂ ಅದೇ. ಗ್ರೀಸೆಲ್ಲ ಹಳೇದಾಗಿತ್ತು, ಸೀಮೆಎಣ್ಣೆ ಹಾಕಿ ತೊಳ್ದು, ಸಿರಿಂಜಿನಲ್ಲಿ ಬಿಟ್ಟೆ."

ನಮ್ಮ ಊರಿನವರ ರೋಗ ಇದು. ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಕಾಲು ಉಳುಕಿದರೆ ಕೊಬ್ಬರಿ ಎಣ್ಣೆ, ಹೊಲಿಗೆ ಮಿಶನ್ನಿಗೆ, ಸೈಕಲ್ ಚೈನಿಗೆ, ಗೋಡೆ ಗಡಿಯಾರಕ್ಕೆ ಕೊಬ್ಬರಿ ಎಣ್ಣೆ. ಚಳಿಗಾಲದ ಬೆಳಿಗ್ಗೆ ಅದು ಮೇಣದಂತೆ ಹೆಪ್ಪುಗಟ್ಟುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೀರಾಗಿ ಹರಿದು ರಸ್ತೆಗೆ ಹೋಗುತ್ತದೆ. ಸೂಜಿಗಳು ಒಣ ಉಕ್ಕಿಗೆ ಒಣ ಉಕ್ಕು ಉಜ್ಜಿಕೊಂಡು ಸಾಯುತ್ತವೆ. ಬ್ಯಾಂಕಿನಲ್ಲಿ ಇವರ ಕೈಕೆಳಗೆ ಎಷ್ಟು ಜನ ಇದ್ದರೋ, ಅವರೆಲ್ಲರ ಮೇಲೆ ನನಗೆ ಕನಿಕರ ಬಂತು.

ಹೊಸ ಕ್ರಾಸು ತರಲು ಕುಮಟೆಗೆ ಹೋಗಬೇಕು. ಹಳೆಯ ಗಾಡಿಯ ಸಾಮಾನು ಸಿಗುವ ಅಂಗಡಿ ಈ ಕಡೆ ಉಳಿದದ್ದು ಅಲ್ಲೊಂದೇ. ಅಂಗಡಿಯವನಿಗೆ ನನ್ನದೇ ವಯಸ್ಸು. ಮೂವತ್ತು ವರ್ಷದಲ್ಲಿ ಅವನು ನನಗೆ ಒಂದು ಕಪ್ ಚಹಾ ಕೊಟ್ಟವನಲ್ಲ, ನಾನು ಅವನ ಮಾತನ್ನು ಒಂದು ದಿನ ನಂಬಿದವನಲ್ಲ. ಡುಪ್ಲಿಕೇಟು ಸಾಮಾನಿಗೆ ಒರಿಜಿನಲ್ ಡಬ್ಬಿ ಹುಡುಕುವುದರಲ್ಲಿ ಅವನದು ಎತ್ತಿದ ಕೈ ಎಂಬುದು ಮೂರು ತಾಲೂಕಿನ ಮೇಸ್ತ್ರಿಗಳಿಗೂ ಗೊತ್ತು. ಬ್ರೇಕ್ ಲೈನಿಂಗ್ ಕೊಟ್ಟರೆ ಚಪ್ಪಲಿಯ ತಳದಂತಿರುತ್ತಿತ್ತು.

ಆ ದಿನ ಅವನು ಏಣಿ ಹತ್ತಿ ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿದ. ಮೇಣದ ಕಾಗದದಲ್ಲಿ ಸುತ್ತಿದ ಮೂರು ಕ್ರಾಸುಗಳು. ಧೂಳನ್ನು ಶರ್ಟಿನ ತುದಿಯಿಂದ ಒರೆಸಿದ. ಅವನು ಸಾಮಾನನ್ನು ಒರೆಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಪ್ಪನ ಕಾಲದ ಮಾಲು. ಮೂರೇ ಉಳ್ದದ್ದು. ಮೂರೂ ತಕಂಡು ಹೋಗು. ಇಂಥದ್ದು ಇನ್ನು ಬರೂದಿಲ್ಲ" ಎಂದ.

"ನಿನ್ನ ಅಂಗಡಿಯಲ್ಲಿ ಎಲ್ಲದೂ ಅಪ್ಪನ ಕಾಲದ್ದೇ. ಹೋದ ವಾರ ತಯಾರಾದದ್ದೂ ಅಪ್ಪನ ಕಾಲದ್ದೇ."

"ಅರೇ ದೇವಾ! ಇದು ಹಂಗಲ್ಲ ಮಾರಾಯಾ. ನೋಡು, ತೂಕ ನೋಡು."

ತೂಕ ನೋಡಲಿಲ್ಲ. ಎರಡು ಎತ್ತಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಸಾಹೇಬರು ಬರುವ ಮೊದಲೇ ಶಾಫ್ಟು ಇಳಿಸಿದೆ. ಆಕ್ಸಲ್ಲಿನ ತಟ್ಟೆಗೂ ಶಾಫ್ಟಿನ ತಟ್ಟೆಗೂ ಎದುರುಬದುರು ಎರಡೆರಡು ಚುಕ್ಕೆ ಹೊಡೆದೆ, ತಿರುಗಿ ಕೂಡಿಸುವಾಗ ಅದೇ ಜಾಗಕ್ಕೆ ಬರಲಿ ಎಂದು. ಎರಡು ಚುಕ್ಕೆ ಉಸ್ತಾದರ ಪದ್ಧತಿ. ಹಳೆಯ ಲಾಕು ತೆಗೆದು, ಶಾಫ್ಟನ್ನು ವೈಸಿನ ದವಡೆಗೆ ಕೊಟ್ಟು, ಹಳೆಯ ಕಪ್‌ಗಳನ್ನು ಒತ್ತಿ ಹೊರಹಾಕಿದೆ. ಆಮೇಲೆ ನಾಲ್ಕು ಹೊಸ ಲಾಕು ತುಟಿಯಲ್ಲಿ ಕಚ್ಚಿ, ಮುಂದಿನ ಕ್ರಾಸಿನ ಸೂಜಿಗಳನ್ನು ಗ್ರೀಸಿನಲ್ಲಿ ನಿಲ್ಲಿಸಿ, ಕಪ್ ಕೂರಿಸಿದೆ. ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿದವು. ಲಾಕುಗಳು ಟಕ್ಕನೆ ಕೂತವು.

ಹಿಂದಿನದರ ಲಾಕುಗಳನ್ನು ಕಚ್ಚಿ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಸಾಹೇಬರು ಬಂದರು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ನೋಟುಬುಕ್ಕು.

"ಇದೆಂತ ಮೇಸ್ತ್ರಿ, ಬಾಯಲ್ಲಿ ಇಟ್ಕೊಳ್ಳೂದು? ಇಂಗ್ಲೆಂಡಿನವ ಒಂದು ಟ್ರೇಯಲ್ಲಿ ಇಟ್ಕೊಳ್ತಾ. ಹೈಜೀನ್ ಅಂತ ಒಂದಿದೆ."

ಬಾಯಲ್ಲಿದ್ದ ಲಾಕುಗಳನ್ನು ತೆಗೆದು ಮಡ್‌ಗಾರ್ಡಿನ ಮೇಲಿಟ್ಟೆ. ಇಂಗ್ಲೆಂಡಿನವನಿಗೆ ಉತ್ತರ ಕೊಡಲೇಬೇಕಾಗಿತ್ತು. ಕೊಟ್ಟೆ. ವಿಡಿಯೋ ನೋಡಿ ಈಜು ಕಲಿತವರು ಶರಾವತಿಗೆ ಇಳಿಯಲಿ ಎಂದೆ. ಗ್ರೀಸು ಎಂದರೇನು, ಎಣ್ಣೆ ಎಂದರೇನು, ಮೊಮ್ಮಗಳ ತಲೆಗೂ ಗಾಡಿಯ ಕೀಲಿಗೂ ಏನು ವ್ಯತ್ಯಾಸ ಎಂದು ಪಾಠ ಮಾಡಿದೆ. ಪಾಠ! ಕೈ ತನ್ನ ಪಾಡಿಗೆ ಸೂಜಿ ನಿಲ್ಲಿಸುತ್ತಿತ್ತು, ಕಣ್ಣು ಸಾಹೇಬರ ಮುಖದ ಮೇಲಿತ್ತು. ಅವರ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಹಿತವಾಗುತ್ತಿತ್ತು. "ಇದನ್ನ ನಾನು ಕಣ್ಣು ಮುಚ್ಚಿ ಹಾಕ್ತೆ" ಎಂದೂ ಹೇಳಿದೆ.

ಮೂರು ಕಪ್ ಕೂತವು. ನಾಲ್ಕನೆಯದು ಕೂರಲಿಲ್ಲ. ಒಂದು ಕೂದಲಿಗಿಂತ ಜಾಸ್ತಿ ಹೊರಗೆ ಉಳಿಯಿತು. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಭಟ್ಕಳದ ಗೋಡೆಗಳಿಗೂ ಗೊತ್ತು: ಬಿಚ್ಚಬೇಕು, ಸೂಜಿ ಎಣಿಸಬೇಕು. ನಾನು ಬಿಚ್ಚಲಿಲ್ಲ. ಬಿಚ್ಚಿದರೆ ಸಾಹೇಬರು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಕಂಡ್ರ್ಯಾ? ಕುಮಟೆಯವನ ಒರಿಜಿನಲ್ಲು! ಅಳತೆಯೇ ಇಲ್ಲ" ಎಂದೆ.

"ಡುಪ್ಲಿಕೇಟಾ?"

"ಅವ್ನ ಅಂಗಡಿಯಲ್ಲಿ ಅವ್ನ ಅಪ್ಪನ ಫೋಟೋವೂ ಡುಪ್ಲಿಕೇಟೇ."

ವೈಸನ್ನು ಇನ್ನೆರಡು ಸುತ್ತು ಬಿಗಿದೆ. ಒಳಗೆ ಟಿಕ್ ಎಂದು ಸಣ್ಣದೊಂದು ಸದ್ದಾಯಿತು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದಷ್ಟು. ಕಪ್ ಇನ್ನಷ್ಟು ಇಳಿಯಿತು. ಆದರೂ ಲಾಕು ತನ್ನ ಗೀರಿನಲ್ಲಿ ಕೂರಲೊಲ್ಲದು. ಲಾಕನ್ನೇ ಸಾಣೆಕಲ್ಲಿಗೆ ಹಿಡಿದು ತೆಳ್ಳಗೆ ಮಾಡಿ ತುರುಕಿದೆ. ಕೀಲು ಸ್ವಲ್ಪ ಬಿಗಿಯಾಗಿತ್ತು. ಹೊಸದು ಬಿಗಿ ಇರುತ್ತದೆ ಎಂದೆ. ಸಾಹೇಬರು ಅದನ್ನೂ ಬರೆದುಕೊಂಡರು.

ಐದನೆಯ ದಿನ ಕಾರು ತಿರುಗಿ ಬಂತು.

ಇಡಗುಂಜಿಗೆ ಹೋಗಿ ಗಾಡಿಗೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಹೊಡೆಸಿ ಬರುವಾಗ ಹಿಂದಿನಿಂದ ಟಕ್ ಟಕ್ ಶುರುವಾಯಿತಂತೆ. ಮುಂದಿನ ಗಾಜಿನ ಮೇಲೆ ಇನ್ನೂ ಕುಂಕುಮದ ಬೊಟ್ಟಿತ್ತು. ನಾನು ಗಾಡಿಯಡಿ ಬಗ್ಗಿಯೂ ನೋಡಲಿಲ್ಲ. ಬಗ್ಗಿದರೆ ಮೂವತ್ತು ವರ್ಷದ ಮಾತು ಅಲ್ಲೇ ಮುಗಿದಂತೆ. ರಸ್ತೆಯ ಆಚೆ ಆಟೋದವರು ನೋಡುತ್ತಿದ್ದರು.

"ನನ್ನ ಕೈಯಿಂದ ಹೋದ ಗಾಡಿ ತಿರುಗಿ ಬರೂದಿಲ್ಲ" ಎಂದೆ.

"ಬಂದಿದ್ಯಲ್ಲ ಮಾರಾಯಾ! ಎದುರಿಗೇ ಇದೆ."

"ಕಾಸರಕೋಡಿಗೆ ಹೋಗಿದ್ರಾ? ಸಮುದ್ರದ ಹೊಯ್ಗೆಯಲ್ಲಿ ನಿಲ್ಸಿ ಫೋಟೋ ಹೊಡ್ಸಿದ್ರಾ?"

"ಒಂದೇ ಸಲ. ಮೊನ್ನೆ. ಐದು ನಿಮಿಷ."

"ಆತಲ್ಲ ಮತ್ತೆ. ಉಪ್ಪುನೀರು. ಹೋಗಿ ಇಂಗ್ಲೆಂಡಿನವನ್ನ ಕೇಳಿ."

ಸಾಹೇಬರ ಮುಖ ಕೆಂಪಾಯಿತು. ಫೋನು ಬಂತು, ಹೆಂಡತಿಯದು. "ಇನ್ನೂ ಆಜಿಲ್ಲೆ. ಈ ಮನ್ಷಾ ಅಡಿಗೆ ಬಗ್ಗದೂ ಇಲ್ಲೆ. ಬತ್ತೆ" ಎಂದು, ಕೆಲಸ ಆಗಿಲ್ಲ, ನಾನು ಗಾಡಿಯಡಿ ಬಗ್ಗಲೂ ಇಲ್ಲ ಅಂತ ಅವರ ಮನೆಮಾತಿನಲ್ಲಿ ದೂರಿ, ಬಾಗಿಲು ಹೊಡೆದುಕೊಂಡು ಹೋದರು. ಕ್ಲಚ್ ಬಿಟ್ಟಾಗ ಟಕ್ ಎಂದದ್ದು ಆಟೋದವರಿಗೂ ಕೇಳಿತು. ಉಪ್ಪುನೀರು ಹೊಸ ಕ್ರಾಸನ್ನು ಐದು ದಿನದಲ್ಲಿ ತಿನ್ನುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಎರಡು ದಿನ ಬಿಟ್ಟು ಭಟ್ಕಳದಿಂದ ಉಸ್ತಾದರ ಫೋನು ಬಂತು.

"ದೊಡ್ ಮೇಸ್ತ್ರಿ, ಪುರುಸೊತ್ತು ಉಂಟಾ?"

"ಎಂತ ಉಸ್ತಾದ್?"

"ಇಲ್ಲಿ ಒಂದು ಮದುಮಗಳು ಬಂದಿದೆ. ಬೆಣ್ಣೆ ಬಣ್ಣ. ಕೆಳಗೆ ನೋಡಿದ್ರೆ ಎರಡು ಚುಕ್ಕೆ. ಬಾ."

ಬೈಕಿನಲ್ಲಿ ಹೋದೆ. ಉಸ್ತಾದರ ಗಡ್ಡ ಪೂರ್ತಿ ಬಿಳಿಯಾಗಿದೆ, ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಆದರೂ ಗಾಡಿಯಡಿಯ ಗುಂಡಿಗಿಳಿದು ನಿಂತು ಕೆಲಸ ಮಾಡುತ್ತಾರೆ. ಶಾಫ್ಟು ಆಗಲೇ ಮೇಜಿನ ಮೇಲಿತ್ತು. ಸಾಹೇಬರು ಚಹಾ ಕುಡಿಯಲು ಹೋಗಿದ್ದರು. ಉಸ್ತಾದರು ಸಲಾಮನ್ನೂ ಹೇಳಲಿಲ್ಲ. ಒಂದು ಹಳೆಯ ತಟ್ಟೆಯನ್ನು ನನ್ನ ಮುಂದೆ ದೂಡಿದರು. ತಟ್ಟೆಯಲ್ಲಿ ನಾನು ತಿಕ್ಕಿ ತೆಳ್ಳಗೆ ಮಾಡಿದ ಲಾಕು, ಅದರ ಪಕ್ಕ ಎರಡು ತುಂಡಾದ ಒಂದು ಸೂಜಿ.

"ಎಲ್ಲಿತ್ತು?" ಎಂದೆ, ಗೊತ್ತಿದ್ದೂ.

"ಕಪ್‌ನ ತಳದಲ್ಲಿ. ಆರಾಮಾಗಿ ಮಲ್ಗಿತ್ತು ಪಾಪ. ನೀನು ಎಬ್ಬಿಸಿಲ್ಲ, ಸೊಂಟ ಮುರ್ದೆ." ಲಾಕನ್ನು ಎತ್ತಿ ಬೆಳಕಿಗೆ ಹಿಡಿದರು. "ಇದನ್ನ ಸಾಣೆಗೆ ಹಿಡಿಯೂದು ನಾನು ಕಲ್ಸಿದ್ದಾ?"

"ಇಲ್ಲ."

"ಬಾಯಲ್ಲಿ ಎಂತ ಇತ್ತು ಆವಾಗ?"

ನಾನು ತಟ್ಟೆಯಲ್ಲಿದ್ದ ಸೂಜಿಯ ತುಂಡನ್ನು ಬೆರಳಿನಿಂದ ಸರಿಸಿದೆ.

"ಹಾಂ. ಭಾಷಣ ಇತ್ತು" ಎಂದರು.

ಹನ್ನೊಂದು ವರ್ಷದಲ್ಲಿ ಅವರು ಎರಡು ಸಲ ನನ್ನ ಮೇಲೆ ಕೈ ಎತ್ತಿದ್ದರು. ಆ ದಿನವೂ ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಷ್ಟರಲ್ಲಿ ಸಾಹೇಬರು ಬಂದರು. ಉಸ್ತಾದರು ತಟ್ಟೆಯ ಮೇಲೆ ಬಟ್ಟೆ ಎಳೆದು, ತಿರುಗಿ, ಕಲ್ಲಿನಂಥ ಮುಖ ಮಾಡಿ ಹೇಳಿದರು: "ಮಾಲ್ ಖರಾಬ್, ಸಾಬ್. ಕೆಲಸ ಬರೋಬರ್ ಇದೆ, ಸಾಮಾನೇ ಸರಿ ಇಲ್ಲ. ನಮ್ಮ ಹುಡುಗನ ತಪ್ಪಿಲ್ಲ."

ಐವತ್ತೈದು ವರ್ಷದ ನಾನು ಹುಡುಗ. ಉಸ್ತಾದರು ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನ್ನ ಹೆಸರನ್ನು ಉಳಿಸಿದರೋ, ತಮ್ಮ ಹೆಸರನ್ನು ಉಳಿಸಿಕೊಂಡರೋ, ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಸಾಹೇಬರು ನನ್ನ ಕೈ ಹಿಡಿದುಕೊಂಡರು. "ತಪ್ಪಾತು ಮೇಸ್ತ್ರಿ. ಸುಮ್ಮನೆ ನಿನ್ನ ಮೇಲೆ ಸಿಟ್ಟು ಮಾಡ್ದೆ. ನೀನು ಆವತ್ತೇ ಹೇಳಿದ್ದೆ, ಡುಪ್ಲಿಕೇಟು ಅಂತ. ನನ್ನ ಬುಕ್ಕಿನಲ್ಲೂ ಇದೆ ನೋಡು." ಬುಕ್ಕನ್ನು ತೆಗೆದು ತೋರಿಸಿದರು. ಇಂಥ ಮನುಷ್ಯನಿಂದ ಕ್ಷಮೆ ಕೇಳಿಸಿಕೊಳ್ಳುವ ಗತಿ ಶತ್ರುವಿಗೂ ಬೇಡ.

"ನಡಿ ಕುಮಟೆಗೆ. ಈಗಲೇ. ನಿನ್ನ ಬೈಕಿನಲ್ಲೇ ಹೋಗ್ವ. ಆ ಕಳ್ಳನ ಅಂಗಡಿಯ ಫೋಟೋ ತೆಗ್ದು ನಮ್ಮ ಹಳೇ ಕಾರಿನವರ ಗ್ರೂಪಿಗೆ ಹಾಕ್ತೆ. ಗೋವಾದಿಂದ ಮಂಗಳೂರಿನವರೆಗೆ ಜನ ಇದ್ದಾರೆ ಅದ್ರಲ್ಲಿ."

ಬೇಡ ಎನ್ನಬಹುದಿತ್ತು. ಬೈಕಿನ ಕೀಲಿ ತೆಗೆದೆ. ಹೊರಡುವಾಗ ಉಸ್ತಾದರು ಸೂಜಿಯ ಎರಡು ತುಂಡನ್ನು ಕಾಗದದಲ್ಲಿ ಮಡಿಸಿ ನನ್ನ ಅಂಗಿಯ ಕಿಸೆಗೆ ಹಾಕಿದರು. ಕಿಸೆಯ ಮೇಲೆ ಒಮ್ಮೆ ತಟ್ಟಿದರು, ಅಷ್ಟೆ.

ಭಟ್ಕಳದಿಂದ ಕುಮಟೆಗೆ ಬೈಕಿನಲ್ಲಿ ಒಂದೂವರೆ ತಾಸು. ರಸ್ತೆ ಅಗಲ ಮಾಡುವವರು ಅಲ್ಲಲ್ಲಿ ಅಗೆದಿಟ್ಟದ್ದರಿಂದ ಇನ್ನಷ್ಟು. ಸಾಹೇಬರು ಹಿಂದೆ ಕೂತು ಕಾಯ್ಕಿಣಿಯ ಗದ್ದೆಗಳು ಕಳೆಯುವವರೆಗೆ ಅಂಗಡಿಯವನನ್ನು ಕನ್ನಡದಲ್ಲಿ ಬೈದರು, ಆಮೇಲೆ ಇಂಗ್ಲಿಷಿನಲ್ಲಿ ಬೈದರು. ಶರಾವತಿ ಸೇತುವೆಯ ಮೇಲೆ ಗಾಳಿಗೆ ಅವರ ಮಾತು ಹಾರಿಹೋಯಿತು. ಹೊನ್ನಾವರದಲ್ಲಿ ನನ್ನ ಗ್ಯಾರೇಜಿನ ಎದುರಿಗೆ ಹಾದು ಹೋಗುವಾಗ ಆಟೋದವರು ಕೈ ಎತ್ತಿದರು. ಸಾಹೇಬರು ಬೈಕಿನ ಹಿಂದಿನಿಂದಲೇ ಕೂಗಿದರು: "ಮೇಸ್ತ್ರಿದು ತಪ್ಪಿಲ್ಲ! ಮಾಲು ಡುಪ್ಲಿಕೇಟು!" ಮೂವತ್ತು ವರ್ಷದ ಮಾತು ಮತ್ತೆ ಜೀವ ಪಡೆಯಿತು. ನನಗೆ ಬೇಕಾದದ್ದೂ ಅದೇ. ಕಿಸೆಯಲ್ಲಿದ್ದ ಕಾಗದ ಮಾತ್ರ ಪ್ರತಿ ಹೊಂಡಕ್ಕೂ ಎದೆಗೆ ಚುಚ್ಚುತ್ತಿತ್ತು.

ದಾರಿಯುದ್ದಕ್ಕೂ ನಾನೊಂದು ಲೆಕ್ಕ ಹಾಕುತ್ತಿದ್ದೆ. ಅಂಗಡಿಯವನು ಕಳ್ಳನೇ. ಒಂದು ಸಲ ಮಾಡದ ತಪ್ಪಿಗೆ ಬೈಸಿಕೊಂಡರೆ, ಮಾಡಿ ತಪ್ಪಿಸಿಕೊಂಡ ನೂರು ತಪ್ಪಿಗೆ ಅದು ಜಮೆಯಾಗಲಿ. ನ್ಯಾಯವಾಗಿಯೇ ಕಾಣುತ್ತಿತ್ತು. ಹಳದೀಪುರ ದಾಟುವವರೆಗೂ ಕಾಣುತ್ತಿತ್ತು.

ಅಂಗಡಿಯವನು ಮಧ್ಯಾಹ್ನದ ಊಟ ಮುಗಿಸಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಸಾಹೇಬರು ಒಳಗೆ ಕಾಲಿಟ್ಟವರೇ ಫೋಟೋ ತೆಗೆಯಲು ಶುರುಮಾಡಿದರು. ಡುಪ್ಲಿಕೇಟು, ಮೋಸ, ಗ್ರಾಹಕರ ಕೋರ್ಟು. ಅಂಗಡಿಯವನು ಕೂಗಾಡುತ್ತಾನೆ, ದೇವರಾಣೆ ಹಾಕುತ್ತಾನೆ, ಆಗ ನಾನು ನಕ್ಕು ಪಕ್ಕಕ್ಕೆ ನಿಲ್ಲಬಹುದು ಎಂದುಕೊಂಡಿದ್ದೆ. ಅವನು ಕೂಗಲಿಲ್ಲ.

"ಯಾವ್ದು, ಆ ಕ್ರಾಸಾ?" ಎಂದು ಕೇಳಿದ.

"ಹೌದು. ಆ ಕ್ರಾಸೇ!"

ಅವನು ಸಾಹೇಬರನ್ನು ಬಿಟ್ಟು ನನ್ನತ್ತ ತಿರುಗಿದ. "ನೀ ಹೇಳು. ಬ್ರೇಕ್ ಲೈನಿಂಗಿಗೆ ಬೈದಿದ್ದೆ, ನಾ ಸುಮ್ನಿದ್ದೆ. ಪ್ಲಗ್ಗಿಗೆ ಬೈದಿದ್ದೆ, ಸುಮ್ನಿದ್ದೆ. ಅವು ಹಂಗೇ ಇದ್ವು. ಈ ಮೂರು ಕ್ರಾಸು ಅಪ್ಪ ಬೊಂಬಾಯಿಂದ ತರ್ಸಿದ್ದು. ಇಷ್ಟು ವರ್ಷ ಯಾರಿಗೂ ಕೊಡ್ಲಿಲ್ಲ. ಹಾಕೂಕೆ ಬರೂ ಕೈಗೆ ಕೊಡ್ಬೇಕು ಅಂತ ಇತ್ತು. ನಿಂಗೆ ಕೊಟ್ಟೆ."

ಹೊಗಳಿಕೆಯನ್ನೂ ಈ ಮನುಷ್ಯ ಬೈಗುಳದಂತೆಯೇ ಕೊಡುತ್ತಾನೆ. ಇವನ ಬಾಯಿಂದ ಇಂಥ ಮಾತು ಬಂದದ್ದು ನನಗೆ ಅಸಹ್ಯವಾಯಿತು. ಅದಕ್ಕಿಂತ ಅಸಹ್ಯವಾದದ್ದು, 'ನೂರು ತಪ್ಪಿಗೆ ಒಂದು ಜಮೆ' ಎಂದು ಹಾಕುತ್ತ ಬಂದ ನನ್ನ ಲೆಕ್ಕ.

ಕಿಸೆಯಿಂದ ಕಾಗದ ತೆಗೆದು ಕೌಂಟರಿನ ಮೇಲೆ ಬಿಡಿಸಿದೆ.

"ಮಾಲು ಸರಿ ಇತ್ತು. ಸೂಜಿ ಮಲ್ಗಿತ್ತು. ನಾನು ನೋಡ್ಲಿಲ್ಲ. ಲಾಕು ತಿಕ್ಕಿದ್ದೂ ನಾನೇ" ಎಂದೆ.

ಸಾಹೇಬರು ಮೊಬೈಲು ಇಳಿಸಿದರು. "ಮತ್ತೆ ಆ ಉಸ್ತಾದರು ಹೇಳಿದ್ದು?"

"ಅವರು ನನ್ನ ಮೇಲಿನ ಪ್ರೀತಿಗೆ ಹೇಳಿದ್ರು."

ಅಂಗಡಿಯವನು ಸೂಜಿಯ ತುಂಡುಗಳನ್ನು ಬೆರಳ ತುದಿಯಿಂದ ಜೋಡಿಸಿ ನೋಡಿದ. ಮೂವತ್ತು ವರ್ಷದ ಬಾಕಿ ವಸೂಲಿ ಮಾಡಿಕೊಳ್ಳುತ್ತಾನೆ ಎಂದು ಕಾದೆ.

"ಏಳನೇ ಕ್ಲಾಸಿಗೆ ಶಾಲೆ ಬಿಟ್ರೆ ಇಷ್ಟೇ. ಎಣಿಸೂಕೂ ಬರೂದಿಲ್ಲ" ಎಂದ. ಆಮೇಲೆ ಏಣಿ ಹತ್ತಿ ಮೂರನೆಯ ಕ್ರಾಸು ಇಳಿಸಿದ. ನನ್ನ ಕೈಗೆ ಕೊಡಲಿಲ್ಲ, ಸಾಹೇಬರ ಕೈಗೆ ಕೊಟ್ಟ. ನನಗೆ ಒಂದು ಕಪ್ ಚಹಾ ತರಿಸಿದ. ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಭಟ್ಕಳದ ಗುಂಡಿಯ ಪಕ್ಕದ ಮೇಜಿನ ಎದುರು ನಾನು ನಿಂತೆ. ಉಸ್ತಾದರು ಕುರ್ಚಿಯಲ್ಲಿ ಕೂತಿದ್ದರು. ಸಾಹೇಬರಿಂದ ಆಗಲೇ ಎಲ್ಲ ಕೇಳಿ ತಿಳಿದಿದ್ದರು. ತಮ್ಮ ಸುಳ್ಳನ್ನು ಬಯಲು ಮಾಡಿದ್ದಕ್ಕೆ ಅವರು ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ನಾಲ್ಕು ಲಾಕುಗಳನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ ಕೊಟ್ಟರು. ತುಟಿಯಲ್ಲಿ ಕಚ್ಚಿಕೊಂಡೆ. ಕಬ್ಬಿಣದ ರುಚಿ ಬದಲಾಗಿರಲಿಲ್ಲ.

ಸಾಹೇಬರು ಮೊಬೈಲು ಹಿಡಿದು ಹತ್ತಿರ ಬಂದು ನಿಂತರು. ವಿಡಿಯೋ ಮಾಡುತ್ತಿದ್ದರು.

"ನಾನೊಂದು ಯೋಚ್ನೆ ಮಾಡ್ದೆ ಮೇಸ್ತ್ರಿ. ಗ್ರೀಸು ಜಾರ್ತದೆ, ಅದ್ಕೇ ಸೂಜಿ ಬಿದ್ದದ್ದು. ಚಳಿಗಾಲದಲ್ಲಿ ಕೊಬ್ರಿ ಎಣ್ಣೆ ಗಟ್ಟಿ ಆಗ್ತದಲ್ಲ? ಅದ್ರಲ್ಲಿ ನಿಲ್ಸಿದ್ರೆ ಸೂಜಿ ಅಲ್ಲಾಡೂದೇ ಇಲ್ಲ. ಹೌದಾ ಅಲ್ದಾ?"

ಉಸ್ತಾದರು ಗಡ್ಡದೊಳಗೆ ನಕ್ಕದ್ದು ನನಗೆ ಕಂಡಿತು. ನಾನು ಸೂಜಿ ಎಣಿಸುತ್ತಿದ್ದೆ.

ಸಾಹೇಬರಿಗೆ ಫೋನು ಬಂತು. "ಹಾಂ, ಈಗ ಭಟ್ಕಳದಲ್ಲಿದ್ದೆ. ಹಾಂ, ಅದೇ ಮೇಸ್ತ್ರಿ. ಅದೇ ಕೆಲ್ಸ. ಎರಡ್ನೇ ಸಲ ಮಾಡ್ತಾ ಇದ್ದ" ಎಂದು ಹೆಂಡತಿಗೆ ಗಟ್ಟಿಯಾಗಿ, ಇಡೀ ಗ್ಯಾರೇಜಿಗೆ ಕೇಳುವಂತೆ ಹೇಳಿದರು. ಫೋನಿಟ್ಟು ನನ್ನತ್ತ ಬಗ್ಗಿ, "ಹೌದಾ ಅಲ್ದಾ ಮೇಸ್ತ್ರಿ? ಕೊಬ್ರಿ ಎಣ್ಣೆ?" ಎಂದರು.

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಒಂದಲ್ಲ, ಐದಾರು ಇದ್ದವು. ಎಲ್ಲವೂ ಲಾಕುಗಳ ಹಿಂದೆ ಸಾಲಾಗಿ ನಿಂತಿದ್ದವು. ನಾನು ಕಪ್‌ನೊಳಗೆ ನೋಡುತ್ತ ಮುಂದಿನ ಸೂಜಿಯನ್ನು ನಿಲ್ಲಿಸಿದೆ.